ತಪಸಿ ಮರದ ರಿಜಿಸ್ಟರು

ಹುತ್ತರಿ ಕಳೆದು ಮೂರು ವಾರ.
ಹೆಬ್ಬಾಲೆ ಆಸ್ಪತ್ರೆಯ ಹಿಂದಿನ ತಪಸಿ ಮರ
ಕೊನೆಯ ಎಲೆಯನ್ನೂ ಬಿಟ್ಟುಕೊಟ್ಟು
ಬರಿಮೈಯಲ್ಲಿ ನಿಂತಿದೆ, ಹೆಸರಿಗೆ ತಕ್ಕ ಹಾಗೆ.

ಮೋಸ ಹೋಗಬೇಡಿ.
ಇಪ್ಪತ್ತೆರಡು ವರ್ಷ ಈ ಕಿಟಕಿಯ ಬಳಿ
ಮಾತ್ರೆ ಎಣಿಸಿದವಳು ನಾನು.
ಬೋಳು ರೆಂಬೆಯ ಗಂಟುಗಂಟಿನಲ್ಲೂ
ಎಳ್ಳುಕಾಳಿನಷ್ಟು ಹಸಿರು ಹೂ.
ಬಣ್ಣವಿಲ್ಲ, ಜೇನಿಲ್ಲ, ದುಂಬಿಗೆ ಕರೆಯಿಲ್ಲ.
ಅದರ ವ್ಯವಹಾರವೆಲ್ಲ ಗಾಳಿಯ ಜೊತೆ.

ಬೆಳಿಗ್ಗೆ ಏಳಕ್ಕೆ ಹೊಳೆಯಿಂದ ಮಂಜು ಏಳುತ್ತದೆ.
ಸೇತುವೆ ಕಾಣದು, ಬಸ್ಸು ಕಾಣದು,
ಹಾರ್ನ್ ಮಾತ್ರ ಬಂದು ಹೋಗುತ್ತದೆ.
ಆಗ ಮರ ಬಾಯಿ ಬಿಡುವುದಿಲ್ಲ.
ಪರಾಗದ ಚೀಲಗಳು ಒದ್ದೆಯಾಗಿ
ಬಿಗಿದ ಮುಷ್ಟಿಯಂತೆ ಕಾಯುತ್ತವೆ.
ಹತ್ತೂವರೆಗೆ ಬಿಸಿಲು ಹೆಂಚಿನಿಂದ ಕೆಳಗಿಳಿದು
ತಂತಿಯ ಮೇಲಿನ ಬೆಡ್‌ಶೀಟು ಗರಿಗರಿಯಾಗುವ ಹೊತ್ತಿಗೆ
ಚೀಲದ ಹೊಲಿಗೆಯೂ ಒಣಗಿ ಬಿರಿಯುತ್ತದೆ.
ಪಿರಿಯಾಪಟ್ಟಣದ ಕಡೆಯಿಂದ
ತಂಬಾಕಿನ ವಾಸನೆ ಹೊತ್ತ ಒಂದು ಒಣಗಾಳಿ
ಕೊಂಬೆಯನ್ನು ಒಮ್ಮೆ ಅಲ್ಲಾಡಿಸಿದರೆ ಸಾಕು.

ಮೊದಲು ಬರುವವನು ಮರಳು ಲಾರಿಯ ಮೊಯ್ದು.
ಕರವಸ್ತ್ರಕ್ಕಿಂತ ಮುಂಚೆ ಸೀನು ಬಂದಿರುತ್ತದೆ.
ಆಮೇಲೆ ಹುದುಗೂರಿನ ಯಶಿಕಾ, ಐದನೇ ಕ್ಲಾಸು,
ಎದೆಯೊಳಗೆ ಬೆಕ್ಕಿನ ಮರಿ ಕೂತಂತೆ ಗುರ್‌ಗುರ್.
ನೆಬ್ಯುಲೈಸರ್ ಒಂದೇ. ಬೆಂಚಿನಲ್ಲಿ ಆರು ಮಂದಿ.
‘ಥಂಡಿ ಸಿಸ್ಟರ್. ಶಿವರಾತ್ರಿಗೆ ಶಿವಶಿವಾ ಅಂತ ಹೋಗುತ್ತೆ.’
ಥಂಡಿಯೇ ಆಗಿದ್ದರೆ,
ನಲ್ಲಿ ಮುಟ್ಟಿದರೆ ಬೆರಳು ಮರಗಟ್ಟುತ್ತಿದ್ದ ಆ ಜನವರಿಯಲ್ಲಿ
ಈ ಬೆಂಚು ಯಾಕೆ ಖಾಲಿ ಇತ್ತು?

ಲ್ಯಾಬಿನ ಮೊಣ್ಣಪ್ಪನಿಗೆ ಹೇಳಿದೆ. ನಕ್ಕ.
ಗಾಜಿನ ಪಟ್ಟಿಗೆ ವ್ಯಾಸಲೀನ್ ಸವರಿ
ಒಂದು ಹಗಲು ಕಿಟಕಿಯ ಹೊರಗಿಟ್ಟು
ಕಫ ನೋಡುವ ಸೂಕ್ಷ್ಮದರ್ಶಕದಡಿ ತಳ್ಳಿದ.
ನಗು ನಿಂತಿತು.
‘ಅಕ್ಕಾ, ಇಲ್ಲಿ ಬಾ.’
ದುಂಡು ದುಂಡು ಕಾಳುಗಳು,
ಕುಂಬಾರ ಬೆರಳೊತ್ತಿ ಬಿಟ್ಟ ಹಾಗೆ
ಅಂಚಿನಲ್ಲಿ ನಾಲ್ಕೈದು ಕುಳಿ.
ಒಂದೊಂದೂ ಒಂದು ಮರವನ್ನು ಹುಡುಕಿ ಹೊರಟದ್ದು,
ಯಶಿಕಾಳ ಗಂಟಲ ತನಕ ಬಂದು
ಈ ಮನೆಯಲ್ಲ, ಈ ಮನೆಯಲ್ಲ ಎಂದು
ಹೊರಳಾಡುತ್ತಿರುವುದು.

ಅಂದಿನಿಂದ ಹೊರರೋಗಿಗಳ ರಿಜಿಸ್ಟರಿನ ಅಂಚಿನಲ್ಲಿ
ಪೆನ್ಸಿಲಿನಿಂದ ಬರೆಯುತ್ತೇನೆ:
ಮಂಜು ಹನ್ನೊಂದರ ತನಕ. ಇಬ್ಬರು.
ಮಂಜಿಲ್ಲ, ಗಾಳಿ. ಹದಿನಾಲ್ಕು.
ಗಾಳಿಯೂ ಇಲ್ಲ, ಸಂಜೆಯ ಹೊಗೆ ಗದ್ದೆಯ ಮೇಲೇ ಮಲಗಿದೆ.
ಆ ರಾತ್ರಿ ಮೂರಕ್ಕೆ ಕ್ವಾರ್ಟರ್ಸಿನ ಬಾಗಿಲು ಬಡಿತ.
ತಣ್ಣನೆಯ ಗಾಳಿ ಭಾರ;
ಹಗಲು ಮೇಲೆ ಹಾರಿದ್ದನ್ನೆಲ್ಲ ಕತ್ತಲಲ್ಲಿ ಇಳಿಸಿ
ಮೂಗಿನ ಮಟ್ಟಕ್ಕೆ ತಂದಿಡುತ್ತದೆ.
ತಪಾಸಣೆಗೆ ಬಂದವರು ಕೇಳಿದರು, ಇದೇನಮ್ಮ ಗೀಚು?
ಪೆನ್ಸಿಲ್ ಸಾರ್, ಅಳಿಸಬಹುದು ಅಂದೆ.

ಈ ಸಲ ಡಿಸೆಂಬರ್ ಬೆಚ್ಚಗಿತ್ತು.
ಸ್ವೆಟರ್ ಮಾರುವ ಡೋಲ್ಮಾ ಅರ್ಧ ಬೆಲೆಗೆ ಇಳಿದಳು.
ಮರಕ್ಕೆ ಯಾರು ಹೇಳಿದರೋ,
ಸಂಕ್ರಾಂತಿಯ ಹೂವನ್ನು ಕ್ರಿಸ್‌ಮಸ್‌ಗೇ ಬಿಟ್ಟಿತು.
ಔಷಧಿಯ ಇಂಡೆಂಟು ಫೆಬ್ರವರಿಗೆ ಅಂತ ಕಳಿಸಿದ್ದೆ.

ಪಂಚಾಯಿತಿಯವರು ಗರಗಸದ ಮಾತಾಡಿದರು.
ಹೊಸ ಡಾಕ್ಟರು ಸಹಿಯನ್ನೂ ಹಾಕಿದರು.
ನಾನು ಹೊಳೆಯಾಚೆ ಕೈ ತೋರಿಸಿದೆ.
ಕೊಡಗು ಇಲ್ಲಿಗೆ ಮುಗಿಯಿತು,
ಆ ದಡದಲ್ಲಿ ಇನ್ನೊಂದು ತಪಸಿ, ಅದರಾಚೆ ಹನ್ನೊಂದು.
ಗಾಳಿಗೆ ಜಿಲ್ಲೆ ಇಲ್ಲ ಸಾರ್.
ಕಾಗದ ಡ್ರಾಯರಿನಲ್ಲಿದೆ, ಇವತ್ತಿಗೂ.

ಮೊನ್ನೆ, ಹೊತ್ತಲ್ಲದ ಹೊತ್ತಿನಲ್ಲಿ, ಅರ್ಧ ಗಂಟೆ ಮಳೆ.
ಕಾಫಿ ಒಣಹಾಕಿದವರು ಟಾರ್ಪಾಲು ಹಿಡಿದು ಓಡಿದರು,
ಆಕಾಶದ ಏಳು ತಲೆಮಾರಿಗೂ ಬೈದರು.
ಬೆಳಿಗ್ಗೆ ಅಂಗಳದ ಗುಂಡಿಯಲ್ಲಿ
ನೀರಿನ ಅಂಚಿಗೆ ಮಾಸಲು ಹಳದಿಯ ಒಂದು ಗೆರೆ.
ಬೆಂಚು ಖಾಲಿ.
ಯಶಿಕಾ ಶಾಲೆಗೆ ಹೋಗುವಾಗ
ಬೇಕೆಂದೇ ಗುಂಡಿಗೆ ಕಾಲು ಹಾಕಿ
ಗೆರೆ ಕಲಕಿ ಓಡಿದಳು. ಓಡಿದಳು!

ಬರೆದೆ: ಮಳೆ. ಯಾರೂ ಇಲ್ಲ.
ರೆಂಬೆಯ ತುದಿಯಲ್ಲಿ ಇನ್ನೂ ಬಿರಿಯದ ಮೊಗ್ಗು,
ಹನಿ ಹೊತ್ತು, ಹತ್ತೂವರೆಗೆ ಕಾಯುತ್ತ.
ನಾನೂ ನೆಬ್ಯುಲೈಸರಿನ ಕೊಳವೆ ತೊಳೆದು
ತಂತಿಗೆ ಹಾಕಿದೆ, ಒಣಗಲಿ ಅಂತ.